ಕೈ ತುರಿಕೆ, ಚರ್ಮದ ಅಲರ್ಜಿ ಮತ್ತು ಪ್ಯಾಚ್ ಟೆಸ್ಟ್

ತೋಟದಲ್ಲಿ ದುಡಿಯುವವರು ತಿಳಿದಿರಬೇಕಾದ ಕೆಲವು ವಿಷಯಗಳು



ಅಡಿಕೆ ಗೊನೆಯಿಂದ ಎಳೆಕಾಯಿ ಉದುರಲಾರಂಭಿಸಿದರೆ ನಾವು ಯಾರೂ ಸುಮ್ಮನೆ ಕುಳಿತುಕೊಳ್ಳುವುದಿಲ್ಲ. ಬಿದ್ದ ಕಾಯಿಯನ್ನು ಹೆಕ್ಕಿ ನೋಡುತ್ತೇವೆ, ಕೊಳೆಯೋ ಬೇರೆಯೋ ಎಂದು ನಾಲ್ಕು ಮಂದಿಯಲ್ಲಿ ವಿಚಾರಿಸುತ್ತೇವೆ, ಬೇಕಾದರೆ ವಿಟ್ಲದ ಸಂಶೋಧನಾ ಕೇಂದ್ರದವರೆಗೂ ಹೋಗಿ ಬರುತ್ತೇವೆ. ಆದರೆ ಅದೇ ತೋಟದಲ್ಲಿ ದುಡಿಯುವ ನಮ್ಮ ಕೈಯ ಚರ್ಮ ಒಡೆದು, ತುರಿಸಿ, ನೀರು ಸೋರಲಾರಂಭಿಸಿದರೆ ಮಾತ್ರ ‘ಉಷ್ಣ ಆಗಿರಬೇಕು’, ‘ನಂಜು ಇರಬೇಕು’ ಎಂದು ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಔಷಧದ ಅಂಗಡಿಯಿಂದ ಒಂದು ಟ್ಯೂಬು ಮುಲಾಮು ತರುತ್ತೇವೆ. ಹಚ್ಚಿದಾಗ ಕಡಿಮೆ, ಬಿಟ್ಟಾಗ ಮೊದಲಿನಂತೆ. ಹೀಗೆ ವರ್ಷಗಟ್ಟಲೆ ನಡೆಯುತ್ತದೆ.

ಕೊಳೆರೋಗದ ಚರಿತ್ರೆಯನ್ನು ಇಲ್ಲಿ ಸ್ವಲ್ಪ ನೆನಪು ಮಾಡಿಕೊಳ್ಳುವುದು ಒಳ್ಳೆಯದು. ಹಿಂದಿನವರು ಮಳೆಗೆ ಮೊದಲು ಗೊನೆಗೆ ಕೊಟ್ಟೆ ಕಟ್ಟಿ ಫಸಲು ಉಳಿಸಿಕೊಳ್ಳುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅವರು ಈ ರೋಗವನ್ನು ಅಭ್ಯಾಸ ಮಾಡಿ, ಇದು ಒಂದು ಶಿಲೀಂಧ್ರದಿಂದ ಬರುವುದೆಂದು 1910ರಲ್ಲಿ ಪ್ರಕಟಿಸಿದ ಮೇಲೆ ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಬಂತು. ಕಾರಣ ತಿಳಿದ ಮೇಲೆ ಮದ್ದು ಸಿಕ್ಕಿತು. ಚರ್ಮದ ವಿಷಯದಲ್ಲೂ ಕ್ರಮ ಇದೇ. ಕಾರಣ ತಿಳಿಯುವ ಒಂದು ಪರೀಕ್ಷೆ ಇದೆ. ಅದಕ್ಕೆ ಪ್ಯಾಚ್ ಟೆಸ್ಟ್ ಎಂದು ಹೆಸರು. ಅದರ ವಿಚಾರವನ್ನು ಸದಸ್ಯರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಸುಡುವುದು ಬೇರೆ, ಒಗ್ಗದಿರುವುದು ಬೇರೆ

ಯಾವುದಾದರೂ ವಸ್ತು ತಾಗಿ ಚರ್ಮ ಕೆಡುವುದರಲ್ಲಿ ಎರಡು ವಿಧ. ಇವನ್ನು ಮೊದಲು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು.

ಮೊದಲನೆಯದು, ವಸ್ತುವಿನ ಸ್ವಭಾವದಿಂದಲೇ ಆಗುವ ಸುಡುವಿಕೆ. ಸುಣ್ಣದ ತಿಳಿ, ಬ್ಯಾಟರಿಯ ಆಸಿಡ್, ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್, ಸೀಮೆಎಣ್ಣೆ, ಕಡು ಸೋಪು ಇವು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ಹೊತ್ತು ತಾಗಿದರೆ ಯಾರ ಕೈಯನ್ನೂ ಬಿಡುವುದಿಲ್ಲ. ನಸುಗುನ್ನಿಯ ರೋಮ, ಕಂಬಳಿಹುಳದ ಕೂದಲು ಇವೂ ಹಾಗೆಯೇ. ಇಲ್ಲಿ ಉರಿ ಹೆಚ್ಚು, ತೊಂದರೆ ಬೇಗ ಕಾಣಿಸುತ್ತದೆ, ತಾಗಿದ ಜಾಗದಲ್ಲೇ ನಿಲ್ಲುತ್ತದೆ. ಯಾವುದರಿಂದ ಆಯಿತೆಂದು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ.

ಎರಡನೆಯದೇ ಅಲರ್ಜಿ, ಅಂದರೆ ಮೈಗೆ ಒಗ್ಗದಿರುವುದು. ಇದು ಎಲ್ಲರಿಗೂ ಬರುವುದಿಲ್ಲ. ಹತ್ತು ಮಂದಿ ಒಂದೇ ಕೆಲಸ ಮಾಡಿದರೂ ಒಬ್ಬರಿಗೆ ಮಾತ್ರ ಬರಬಹುದು. ಇಲ್ಲಿ ಕೆಲಸ ಮಾಡುವುದು ವಿಷವಲ್ಲ, ನಮ್ಮದೇ ದೇಹದ ಕಾವಲು ಪಡೆ. ಒಂದು ವಸ್ತುವಿನ ಸಣ್ಣ ಕಣ ಚರ್ಮದೊಳಗೆ ಇಳಿದಾಗ, ರಕ್ತದಲ್ಲಿರುವ ಲಿಂಫೋಸೈಟ್ ಎಂಬ ಬಿಳಿ ಕಣಗಳು ಅದನ್ನು ಶತ್ರುವೆಂದು ಗುರುತು ಹಾಕಿಕೊಳ್ಳುತ್ತವೆ. ಹೀಗೆ ಗುರುತು ಹಾಕಿಕೊಳ್ಳಲು ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ಕೆಲವರಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ ಒಂದು ದಿನ ಈ ಗುರುತು ಬೀಳುತ್ತದೆ. ಒಮ್ಮೆ ಬಿದ್ದ ಗುರುತು ಬಹುತೇಕ ಜೀವಮಾನವಿಡೀ ಉಳಿಯುತ್ತದೆ. ಆಮೇಲೆ ಅದೇ ವಸ್ತು ಸ್ವಲ್ಪವೇ ತಾಗಿದರೂ ಸಾಕು, ಚರ್ಮ ಕೆಂಪಾಗಿ, ದಪ್ಪಗಾಗಿ, ಸಣ್ಣ ಗುಳ್ಳೆ ಎದ್ದು, ವಿಪರೀತ ತುರಿಸುತ್ತದೆ.

‘ಇಪ್ಪತ್ತು ವರ್ಷದಿಂದ ಮುಟ್ಟುತ್ತಾ ಇದ್ದೇನೆ, ಈಗ ಹೇಗೆ ಅಲರ್ಜಿ ಆಗುತ್ತದೆ?’ ಎಂದು ಕೇಳುವವರಿಗೆ ಉತ್ತರ ಇಲ್ಲಿಯೇ ಇದೆ. ಅಲರ್ಜಿ ಬರಲು ಮೊದಲು ಮುಟ್ಟಿರಲೇಬೇಕು. ಹೆಚ್ಚು ಕಾಲ ಮುಟ್ಟಿದವರಿಗೆ ಬರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೆಲಸದಿಂದ ಬರುವ ಚರ್ಮದ ತೊಂದರೆಗಳೆಲ್ಲ ಅಲರ್ಜಿಯಲ್ಲ ಎಂಬುದನ್ನೂ ಹೇಳಬೇಕು. ತೆಂಗಿನ ಮರ ಏರುವವರ ಚರ್ಮದಲ್ಲಾಗುವ ಬದಲಾವಣೆಗಳ ಬಗ್ಗೆ ಮಣಿಪಾಲದ ವೈದ್ಯರು 1992ರಲ್ಲಿ ಒಂದು ವರದಿ ಪ್ರಕಟಿಸಿದ್ದರು. ಮರಕ್ಕೆ ಉಜ್ಜಿ ಉಜ್ಜಿ ಚರ್ಮ ದಪ್ಪಗಾಗುವುದು ಉಜ್ಜುವಿಕೆಯ ಫಲ. ಅದಕ್ಕೆ ಅಲರ್ಜಿಯ ಪರೀಕ್ಷೆ ಬೇಕಾಗಿಲ್ಲ. ಬೆರಳ ಸಂದಿಯಲ್ಲಿ ರಾತ್ರಿ ತುರಿಸಿ ಮನೆಮಂದಿಗೆಲ್ಲ ಹರಡುವ ಕಜ್ಜಿ, ತೊಡೆಸಂದಿಯ ಹುಳುಕಡ್ಡಿ ಇವೂ ಬೇರೆಯೇ. ಯಾವುದು ಏನೆಂದು ಹೇಳಬೇಕಾದವರು ಚರ್ಮದ ವೈದ್ಯರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ

ಅಲರ್ಜಿಯಲ್ಲಿ ನಮ್ಮನ್ನು ದಾರಿ ತಪ್ಪಿಸುವ ಒಂದು ಸಂಗತಿ ಇದೆ. ವಸ್ತು ತಾಗಿದ ಕೂಡಲೇ ತುರಿಕೆ ಬರುವುದಿಲ್ಲ. ಒಂದರಿಂದ ಮೂರು ದಿನ ಕಳೆದು ಬರುತ್ತದೆ. ಆ ಮಧ್ಯೆ ನಾವು ಬೇರೆ ನಾಲ್ಕು ಕೆಲಸ ಮಾಡಿರುತ್ತೇವೆ.

ಸೋಮವಾರ ಕುಮ್ಕಿ ಜಾಗದಲ್ಲಿ ಸೊಪ್ಪು ಕಡಿದು ಹೊರೆ ಹೊತ್ತು ತಂದಿರುತ್ತೇವೆ. ಆ ಹೊರೆಯೊಳಗೆ ಎರಡು ಚೇರೆ ಸೊಪ್ಪು ಸೇರಿರುತ್ತದೆ. ಬುಧವಾರ ತೋಟಕ್ಕೆ ಮದ್ದು ಬಿಡುತ್ತೇವೆ. ಬುಧವಾರ ರಾತ್ರಿ ಕುತ್ತಿಗೆ, ಮುಂಗೈ ತುರಿಸಿ ಊದಿಕೊಳ್ಳುತ್ತದೆ. ಅಪವಾದ ಯಾರ ಮೇಲೆ? ಮೈಲುತುತ್ತಿನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಾರ್ಕಳದ ಬಜಗೋಳಿ ಕಡೆ ಮೂರೆಕ್ರೆ ಅಡಿಕೆ ತೋಟವಿರುವ ಒಬ್ಬ ಕೃಷಿಕರು. ತಾವೇ ಮದ್ದು ಕಲಸಿ ಬಿಡುವವರು. ಮಳೆಗೆ ತೊಳೆದುಹೋಗದಿರಲೆಂದು ಬೋರ್ಡೋ ದ್ರಾವಣಕ್ಕೆ ರಾಳ ಮತ್ತು ವಾಷಿಂಗ್ ಸೋಡಾ ಕಾಯಿಸಿ ಮಾಡಿದ ಅಂಟು ಬೆರೆಸುತ್ತಾರೆ. ಪ್ರತಿ ಮದ್ದಿನ ನಂತರ ಮುಂಗೈ, ಹಣೆ, ಕಣ್ಣರೆಪ್ಪೆ ಕೆಂಪಾಗಿ ತುರಿಸುತ್ತದೆ. ‘ಮೈಲುತುತ್ತು ನನಗೆ ಆಗುವುದಿಲ್ಲ’ ಎಂದು ತೀರ್ಮಾನಿಸಿ ಮದ್ದು ಬಿಡುವುದನ್ನೇ ನಿಲ್ಲಿಸುತ್ತಾರೆ. ಜೂನಿನಲ್ಲಿ ಮದ್ದು ಬಿಡುವ ಆಳು ಸಿಗುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತು. ಎರಡನೇ ಮದ್ದು ಹದಿನೈದು ದಿನ ತಡವಾಗುತ್ತದೆ, ಕೊಳೆ ಹಿಡಿಯುತ್ತದೆ, ಫಸಲು ನೆಲಕ್ಕೆ ಬೀಳುತ್ತದೆ. ಮುಂದೊಂದು ದಿನ ಕಾಲಿಗೆ ಗಾಯವಾಗಿ ಅಂಟುಪಟ್ಟಿ ಹಾಕಿದಾಗ ಪಟ್ಟಿಯ ಕೆಳಗೂ ಚೌಕಾಕಾರವಾಗಿ ತುರಿಕೆ ಏಳುತ್ತದೆ. ಇದಕ್ಕೂ ಮದ್ದಿಗೂ ಸಂಬಂಧವಿದೆಯೆಂದು ಅವರಿಗೆ ಹೊಳೆಯುವುದಿಲ್ಲ.

ಸಂಬಂಧ ಇದೆ. ಮೈಲುತುತ್ತಿನ ತಾಮ್ರಕ್ಕೆ ಅಲರ್ಜಿ ಬರುವುದು ಬಹಳ ಅಪರೂಪ. ರಾಳಕ್ಕೆ ಅಲರ್ಜಿ ಬರುವುದು ಅಪರೂಪವಲ್ಲ. ಎಷ್ಟೋ ಅಂಟುಪಟ್ಟಿಗಳ ಅಂಟಿನಲ್ಲಿ ಅದೇ ರಾಳ ಇರುತ್ತದೆ. ಪರೀಕ್ಷೆ ಮಾಡಿಸಿದ್ದರೆ ತಾಮ್ರ ನಿರಪರಾಧಿ, ರಾಳ ಅಪರಾಧಿ ಎಂದು ತಿಳಿಯುತ್ತಿತ್ತು. ಅಂಟು ಬದಲಾಯಿಸಿ ಅದೇ ಬೋರ್ಡೋ ದ್ರಾವಣವನ್ನು ಬಿಡಬಹುದಾಗಿತ್ತು. ಪ್ಯಾಚ್ ಟೆಸ್ಟಿನ ಬೆಲೆ ಇರುವುದು ಇಲ್ಲಿ. ಯಾವುದನ್ನು ಬಿಡಬೇಕೆಂದು ಹೇಳುವುದರ ಜೊತೆಗೆ ಯಾವುದನ್ನು ಬಿಡಬೇಕಾಗಿಲ್ಲವೆಂದೂ ಅದು ಹೇಳುತ್ತದೆ.

ನಮ್ಮ ಸುತ್ತಮುತ್ತ ಇರುವ ವಸ್ತುಗಳು

ನಮ್ಮ ಭಾಗದ ತೋಟಗಳಲ್ಲಿ, ಮನೆಗಳಲ್ಲಿ ಅಲರ್ಜಿಗೆ ಕಾರಣವಾಗಬಲ್ಲ ಮುಖ್ಯ ವಸ್ತುಗಳು ಇವು.

1. ಗೇರು ಮತ್ತು ಅದರ ಬಳಗ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುವುದೂ ಹೌದು, ಅಲರ್ಜಿ ತರಿಸುವುದೂ ಹೌದು. ಕಾರ್ಕಳ, ಕಾಪು ಕಡೆಗಳ ಗೇರುಬೀಜ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಹೆಂಗಸರ ಬೆರಳುಗಳನ್ನು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಮಣಿಪಾಲದಲ್ಲಿದ್ದ ಡಾ. ಸಿ. ಆರ್. ಶ್ರೀನಿವಾಸ್ ಮೊದಲಾದವರು ದೆಹಲಿಯ ಡಾ. ಜೆ. ಎಸ್. ಪಸ್ರೀಚಾ ಅವರ ಜೊತೆಗೂಡಿ ಗೇರುಬೀಜದ ಸಿಪ್ಪೆಯೆಣ್ಣೆ, ಸಿಪ್ಪೆ ಮತ್ತು ತಿರುಳಿನಿಂದ ಬರುವ ಚರ್ಮದ ಅಲರ್ಜಿಯ ಕುರಿತು 1988ರಲ್ಲಿ ಚರ್ಮರೋಗ ತಜ್ಞರ ಪತ್ರಿಕೆಯಲ್ಲಿ ಬರೆದಿದ್ದಾರೆ. ಗೇರು, ಮಾವು, ಚೇರೆ, ಅಗಸರು ಹಿಂದೆ ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ಇವೆಲ್ಲ ಒಂದೇ ಕುಟುಂಬದ ಮರಗಳು. ಇವುಗಳ ಸೊನೆಯಲ್ಲಿರುವ ವಸ್ತುಗಳು ಒಂದಕ್ಕೊಂದು ಹೋಲುತ್ತವೆ. ಆದುದರಿಂದ ಒಂದಕ್ಕೆ ಅಲರ್ಜಿ ಬಂದವರಿಗೆ ಇನ್ನೊಂದು ತಾಗಿದರೂ ತೊಂದರೆಯಾಗಬಹುದು. ಚೇರೆ ಸೊನೆ ತಾಗಿ ಮೈ ಊದಿದ ಅನುಭವವಿರುವವರು ಮಾವಿನಕಾಯಿಯ ತೊಟ್ಟು ಮುರಿಯುವಾಗಲೂ ಎಚ್ಚರದಿಂದಿರಬೇಕು.

2. ಸಿಲ್ವರ್ ಓಕ್. ಕಾರ್ಕಳದಿಂದ ಮಾಳ ಘಾಟಿ ಹತ್ತಿ ಕಳಸದ ಕಡೆ ಹೋದರೆ ಕಾಫಿ ತೋಟಗಳಲ್ಲಿ ನೆರಳಿಗೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಎಲ್ಲೆಲ್ಲೂ ಈ ಮರವೇ. ಇದು ಗೇರಿನ ಕುಟುಂಬಕ್ಕೆ ಸೇರಿದ್ದಲ್ಲ. ಆದರೂ ಇದರಲ್ಲಿ ಗೇರಿನ ಎಣ್ಣೆಯನ್ನು ಹೋಲುವ ಒಂದು ವಸ್ತು ಇದೆ. ರೆಂಬೆ ಕಡಿಯುವವರಿಗೆ, ಮರ ಕೊಯ್ಯುವವರಿಗೆ ಇದರಿಂದ ಅಲರ್ಜಿ ಬಂದುದು ಆಸ್ಟ್ರೇಲಿಯ, ಅಮೆರಿಕಗಳಲ್ಲಿ ದಾಖಲಾಗಿದೆ. ನೆರಳು ತೆಗೆಯುವ ಕೆಲಸದ ಬಳಿಕ ಮುಖ, ಕೈ ತುರಿಸುವವರು ಇದನ್ನು ಲಕ್ಷ್ಯದಲ್ಲಿಡಬೇಕು.

3. ಪಾರ್ಥೇನಿಯಂ. ಕಾಂಗ್ರೆಸ್ ಹುಲ್ಲೆಂದು ನಾವು ಕರೆಯುವ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಬಯಲುಸೀಮೆಯನ್ನೆಲ್ಲ ತುಂಬಿತು. ಇದನ್ನು ತಿನ್ನುವ ಒಂದು ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಕಳೆ ಮಾತ್ರ ಇನ್ನೂ ಇದೆ. ಗೊಬ್ಬರ, ಹುಲ್ಲು, ಲಾರಿಯ ಚಕ್ರಗಳ ಜೊತೆ ಇದರ ಬೀಜ ದೂರದೂರಕ್ಕೆ ಹೋಗುತ್ತದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿ ಬರುವುದರಿಂದ ಕೈಗಿಂತ ಹೆಚ್ಚಾಗಿ ಮುಖ, ಕಣ್ಣರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ ಏಳುತ್ತದೆ.

4. ರಬ್ಬರಿನ ವಸ್ತುಗಳು. ಗಂಬೂಟು, ಕೈಗವಸು, ಹವಾಯಿ ಚಪ್ಪಲಿಗಳಲ್ಲಿ ರಬ್ಬರನ್ನು ಗಟ್ಟಿಮಾಡಲು ಸೇರಿಸುವ ಥಯುರಾಂ, ಮರ್‌ಕ್ಯಾಪ್ಟೊ ಮೊದಲಾದ ರಾಸಾಯನಿಕಗಳೇ ಇಲ್ಲಿ ಕಾರಣ. ಕೈಯ ರಕ್ಷಣೆಗೆಂದು ಹಾಕಿದ ಕೈಗವಸಿನಿಂದಲೇ ಕೈ ಕೆಡುವುದುಂಟು. ಶಿಲೀಂಧ್ರನಾಶಕಗಳಾದ ಮ್ಯಾಂಕೋಜೆಬ್, ಥೈರಾಂ ಇವೂ ಇದೇ ಬಳಗದ ರಾಸಾಯನಿಕಗಳು. ಕಾಪು ಕಡೆಯ ಶಂಕರಪುರ ಮಲ್ಲಿಗೆ ಬೆಳೆಯುವವರು ಗಿಡಕ್ಕೆ ಯಾವ ಮದ್ದು ಹೊಡೆದಿದ್ದೇವೆ, ಎಂದು ಹೊಡೆದಿದ್ದೇವೆ ಎಂದು ಬರೆದಿಟ್ಟುಕೊಂಡರೆ, ಮೊಗ್ಗು ಕೊಯ್ಯುವವರ ಬೆರಳು ಕೆಟ್ಟಾಗ ಕಾರಣ ಹುಡುಕಲು ಅನುಕೂಲವಾಗುತ್ತದೆ.

5. ಸಿಮೆಂಟು. ಹಸಿ ಸಿಮೆಂಟಿನ ಸುಣ್ಣದಂಶ ಸುಡುತ್ತದೆ. ಅದರಲ್ಲಿರುವ ಕ್ರೋಮಿಯಂ ಅಂಶ ಅಲರ್ಜಿ ತರಿಸುತ್ತದೆ. ಅಂಗಳಕ್ಕೆ ಕಾಂಕ್ರೀಟು ಹಾಕಿಸುವಾಗ ಬರಿಗೈಯಲ್ಲಿ ಕಲಸುವ ಅಭ್ಯಾಸವನ್ನು ಬಿಡಿಸಬೇಕು. ಇದೇ ಕ್ರೋಮಿಯಂ ಹದಮಾಡಿದ ಚರ್ಮದ ಪಾದರಕ್ಷೆಗಳಲ್ಲೂ ಇರುತ್ತದೆ.

6. ಮುಲಾಮು ಮತ್ತು ಮನೆಬಳಕೆಯ ವಸ್ತುಗಳು. ಗಾಯಕ್ಕೆ ಹಚ್ಚುವ ನಿಯೋಮೈಸಿನ್, ಹಳದಿ ಬಣ್ಣದ ನೈಟ್ರೋಫ್ಯೂರಜೋನ್ ಮುಲಾಮುಗಳಿಗೆ ಅಲರ್ಜಿ ಬರುವುದು ನಮ್ಮ ದೇಶದಲ್ಲಿ ಸಾಮಾನ್ಯ. ಗಾಯ ಮಾಯುತ್ತಿಲ್ಲವೆಂದು ಅದನ್ನೇ ಹೆಚ್ಚು ಹೆಚ್ಚು ಹಚ್ಚುತ್ತಾ ಹೋದರೆ ಗಾಯ ದೊಡ್ಡದಾಗುತ್ತಾ ಹೋಗುತ್ತದೆ. ತಲೆಗೂದಲಿನ ಕಪ್ಪು ಬಣ್ಣ, ನಕಲಿ ಆಭರಣಗಳ ನಿಕ್ಕಲ್, ಅಂಟಿಸುವ ಬಿಂದಿಯ ಅಂಟು, ಸುವಾಸನೆಯ ದ್ರವ್ಯಗಳು, ಹೆಚ್ಚುವಾಗ ಬೆರಳಿಗೆ ತಾಗುವ ಬೆಳ್ಳುಳ್ಳಿ ಇವೂ ಪಟ್ಟಿಯಲ್ಲಿವೆ.

ಇಷ್ಟು ಉದ್ದದ ಪಟ್ಟಿ ನೋಡಿ ಹೆದರಬೇಕಾಗಿಲ್ಲ. ಒಬ್ಬರಿಗೆ ಸಾಮಾನ್ಯವಾಗಿ ಒಂದೋ ಎರಡೋ ವಸ್ತು ಒಗ್ಗುವುದಿಲ್ಲ. ಆ ಒಂದು ಯಾವುದೆಂದು ಕಂಡುಹಿಡಿಯುವುದೇ ಕೆಲಸ.

ಪ್ಯಾಚ್ ಟೆಸ್ಟ್ ಎಂದರೇನು?

ಈ ಪರೀಕ್ಷೆ ಹೊಸತಲ್ಲ. 1895ರಲ್ಲಿ ಬ್ರೆಸ್ಲಾವ್ ನಗರದಲ್ಲಿದ್ದ ಯೋಸೆಫ್ ಯಾಡಾಸ್ಸೋನ್ ಎಂಬ ವೈದ್ಯರು ಇದನ್ನು ಮೊದಲು ತೋರಿಸಿಕೊಟ್ಟರು. ಪಾದರಸದ ಮುಲಾಮಿನಿಂದ ಚರ್ಮ ಕೆಟ್ಟ ರೋಗಿಯ ಮೈಯ ಬೇರೊಂದು ಜಾಗಕ್ಕೆ ಅದೇ ಮುಲಾಮನ್ನು ಸ್ವಲ್ಪವೇ ಹಚ್ಚಿ ನೋಡಿದಾಗ, ಅಲ್ಲಿಯೂ ಅದೇ ರೀತಿಯ ತೊಂದರೆ ಎದ್ದಿತು. ಒಗ್ಗದ ವಸ್ತುವಿನ ಗುರುತು ಕೆಟ್ಟ ಜಾಗದಲ್ಲಿ ಮಾತ್ರವಲ್ಲ, ಮೈಯ ಚರ್ಮದಲ್ಲೆಲ್ಲ ಇರುತ್ತದೆ ಎಂಬುದೇ ಈ ಪರೀಕ್ಷೆಗೆ ಆಧಾರ. ಆದುದರಿಂದ ಕೈ ಕೆಟ್ಟಿದ್ದರೂ ಬೆನ್ನಿನ ಮೇಲೆ ಪರೀಕ್ಷಿಸಬಹುದು.

ಕ್ರಮ ಹೀಗಿದೆ. 8 ಮಿಲಿಮೀಟರ್ ಅಗಲದ ಪುಟ್ಟ ಅಲ್ಯುಮಿನಿಯಂ ಬಟ್ಟಲುಗಳನ್ನು ಸಾಲಾಗಿ ಜೋಡಿಸಿದ ಅಂಟುಪಟ್ಟಿ ಇರುತ್ತದೆ. ಒಂದೊಂದು ಬಟ್ಟಲಿನಲ್ಲಿ ಒಂದೊಂದು ವಸ್ತುವನ್ನು, ಸುಡದಷ್ಟು ಪ್ರಮಾಣದಲ್ಲಿ ವ್ಯಾಸಲಿನ್‌ನಲ್ಲಿ ಬೆರೆಸಿ ಹಾಕುತ್ತಾರೆ. ಒಂದು ಬಟ್ಟಲಿನಲ್ಲಿ ಬರೀ ವ್ಯಾಸಲಿನ್ ಇರುತ್ತದೆ. ಹೋಲಿಸಿ ನೋಡಲು ಅದು ಬೇಕು. ಭಾರತದ ಚರ್ಮ ತಜ್ಞರು ನಮ್ಮ ದೇಶಕ್ಕೆ ತಕ್ಕಂತೆ ಸುಮಾರು 20 ವಸ್ತುಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದ್ದಾರೆ. ಕ್ರೋಮಿಯಂ, ನಿಕ್ಕಲ್, ರಾಳ, ರಬ್ಬರಿನ ರಾಸಾಯನಿಕಗಳು, ಕೂದಲ ಬಣ್ಣ, ನಿಯೋಮೈಸಿನ್, ನೈಟ್ರೋಫ್ಯೂರಜೋನ್, ಸುವಾಸನೆಗಳು, ಪಾರ್ಥೇನಿಯಂ ಇವೆಲ್ಲ ಅದರಲ್ಲಿ ಸೇರಿವೆ.

ಈ ಪಟ್ಟಿಯನ್ನು ಬೆನ್ನಿನ ಮೇಲ್ಭಾಗಕ್ಕೆ ಅಂಟಿಸಿ ಮನೆಗೆ ಕಳುಹಿಸುತ್ತಾರೆ. ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ. 48 ಗಂಟೆ ಕಳೆದ ಮೇಲೆ ಪಟ್ಟಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಚರ್ಮ ನೋಡುತ್ತಾರೆ. 72 ಅಥವಾ 96 ಗಂಟೆಗೆ ಇನ್ನೊಮ್ಮೆ ನೋಡುತ್ತಾರೆ. ಕೆಲವು ವಸ್ತುಗಳಿಗೆ ಏಳನೆಯ ದಿನವೂ ನೋಡಬೇಕಾಗಬಹುದು. ಚರ್ಮ ಕೆಂಪಾಗಿ ಸ್ವಲ್ಪ ಉಬ್ಬಿದ್ದರೆ ಒಂದು ಪ್ಲಸ್, ಸಣ್ಣ ಗುಳ್ಳೆಗಳಿದ್ದರೆ ಎರಡು ಪ್ಲಸ್, ದೊಡ್ಡ ಗುಳ್ಳೆಯಾಗಿ ಸುತ್ತ ಹರಡಿದ್ದರೆ ಮೂರು ಪ್ಲಸ್ ಎಂದು ಬರೆಯುತ್ತಾರೆ. ಎರಡನೇ ಸಲ ನೋಡುವುದು ಬಹು ಮುಖ್ಯ. ಸುಟ್ಟ ಗುರುತಾದರೆ ಎರಡು ದಿನದಲ್ಲಿ ಮಾಸುತ್ತದೆ. ಅಲರ್ಜಿಯ ಗುರುತಾದರೆ ಉಳಿಯುತ್ತದೆ ಅಥವಾ ಹೆಚ್ಚುತ್ತದೆ. ಪಟ್ಟಿ ತೆಗೆದ ಮೇಲೆ ‘ಕೆಲಸ ಮುಗಿಯಿತು’ ಎಂದು ಹೋಗದೇ ಇರುವವರು ಅರ್ಧ ಪರೀಕ್ಷೆ ಮಾಡಿಸಿದಂತೆ.

ಶೀನು, ದಮ್ಮು, ಪಿತ್ತದ ಗಂಧೆಗಳಿಗೆ ಮಾಡುವ ಸೂಜಿ ಚುಚ್ಚುವ ಪರೀಕ್ಷೆ, ರಕ್ತದ ಪರೀಕ್ಷೆ ಇವು ಬೇರೆ. ತಾಗಿದ ಎರಡು ಮೂರು ದಿನಕ್ಕೆ ಬರುವ ಚರ್ಮದ ಅಲರ್ಜಿ ಅವುಗಳಲ್ಲಿ ತಿಳಿಯುವುದಿಲ್ಲ.

ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ಈ ಪರೀಕ್ಷೆಯ ಕುರಿತು ದಶಕಗಳಿಂದ ಅಭ್ಯಾಸ ನಡೆದಿದೆ. ಉಡುಪಿ, ಕಾಪು, ಕಾರ್ಕಳದವರಿಗೆ ಇದು ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವಷ್ಟು ದೂರ. ದೂರದ ಊರಿನವರು ಇಷ್ಟು ಸಮೀಪದಲ್ಲಿ ಇಂಥ ಸೌಕರ್ಯ ಇಲ್ಲದೆ ಕಷ್ಟಪಡುತ್ತಾರೆ.

ಪರೀಕ್ಷೆಗೆ ಹೋಗುವವರು ಗಮನಿಸಬೇಕಾದುದು

1. ತುರಿಕೆ ಜೋರಾಗಿ, ನೀರು ಸೋರುತ್ತಿರುವಾಗ ಪರೀಕ್ಷೆ ಮಾಡುವುದಿಲ್ಲ. ಮೊದಲು ಔಷಧಿಯಿಂದ ಶಮನ ಮಾಡಿ ಆಮೇಲೆ ದಿನ ಕೊಡುತ್ತಾರೆ.

2. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬೆನ್ನಿಗೆ ಯಾವುದಾದರೂ ಮುಲಾಮು ಹಚ್ಚುತ್ತಿದ್ದರೆ ಮೊದಲೇ ತಿಳಿಸಬೇಕು. ಇಲ್ಲವಾದರೆ ಇರುವ ಅಲರ್ಜಿಯೂ ಕಾಣಿಸದೆ ಹೋಗಬಹುದು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಗರ್ಭಿಣಿಯರೂ ಮುಂಚಿತವಾಗಿ ಹೇಳಬೇಕು.

3. ಪಟ್ಟಿ ಇರುವ ದಿನಗಳಲ್ಲಿ ಬೆನ್ನಿಗೆ ನೀರು ಹಾಕಬಾರದು, ಬೆವರುವ ಕೆಲಸ ಮಾಡಬಾರದು, ಮರ ಏರಬಾರದು, ಹೊರೆ ಹೊರಬಾರದು. ಮಾರ್ಚಿನಿಂದ ಮೇ ತಿಂಗಳವರೆಗಿನ ಕರಾವಳಿಯ ಸೆಕೆಯಲ್ಲಿ ಪಟ್ಟಿ ಬೆವರಿಗೆ ಬಿಟ್ಟುಕೊಳ್ಳುತ್ತದೆ. ಡಿಸೆಂಬರ್, ಜನವರಿಯ ತಂಪಿನಲ್ಲಿ ದಿನ ಗೊತ್ತುಮಾಡಿಕೊಳ್ಳುವುದು ಉತ್ತಮ.

4. ಬಳಸುವ ಮದ್ದಿನ ಡಬ್ಬಿಯ ಚೀಟಿ, ಮುಲಾಮಿನ ಟ್ಯೂಬು, ಹಳೆಯ ಕೈಗವಸು, ಚಪ್ಪಲಿ ಇವನ್ನು ಕೊಂಡುಹೋಗಬೇಕು. ಸಂಶಯದ ಗಿಡದ ಸೊಪ್ಪನ್ನು ಕಾಗದದಲ್ಲಿ ಸುತ್ತಿ ಪ್ಲಾಸ್ಟಿಕ್ ತೊಟ್ಟೆಯಲ್ಲಿಟ್ಟು ಒಯ್ಯಬೇಕು. ಗೇರುಸಿಪ್ಪೆಯ ಎಣ್ಣೆ, ಚೇರೆ, ಸಿಲ್ವರ್ ಓಕ್ ಇವು 20 ವಸ್ತುಗಳ ಪಟ್ಟಿಯಲ್ಲಿ ಇಲ್ಲ. ನಾವು ಹೇಳದಿದ್ದರೆ ವೈದ್ಯರಿಗೆ ಗೊತ್ತಾಗುವುದಿಲ್ಲ.

5. ಒಂದು ತಿಂಗಳ ದಿನಚರಿ ಬರೆದಿಡಿರಿ. ಯಾವ ದಿನ ಯಾವ ಕೆಲಸ, ಏನು ಮುಟ್ಟಿದ್ದು, ತುರಿಕೆ ಎಂದು ಎದ್ದಿತು, ಮೈಯ ಯಾವ ಭಾಗದಲ್ಲಿ ಎದ್ದಿತು ಎಂದು ನಾಲ್ಕು ಮಾತು ಸಾಕು. ತುರಿಕೆ ಎದ್ದ ದಿನದಿಂದ ಮೂರು ದಿನ ಹಿಂದಕ್ಕೆ ಓದಿ ನೋಡಿ. ಅರ್ಧ ಉತ್ತರ ಅಲ್ಲಿಯೇ ಸಿಗುವುದುಂಟು.

6. ಮನೆಯಲ್ಲಿ ತಾವೇ ಪರೀಕ್ಷೆ ಮಾಡಿಕೊಳ್ಳಲು ಹೋಗಬಾರದು. ಚೇರೆ ಸೊನೆ, ಗೇರೆಣ್ಣೆ, ಕೀಟನಾಶಕಗಳನ್ನು ನೇರವಾಗಿ ಚರ್ಮಕ್ಕೆ ಕಟ್ಟಿದರೆ ಸುಟ್ಟ ಗಾಯವಾಗುತ್ತದೆ. ಇಲ್ಲದ ಅಲರ್ಜಿಯನ್ನು ಹೊಸದಾಗಿ ಬರಿಸಿಕೊಂಡಂತೆಯೂ ಆಗಬಹುದು.

ಉತ್ತರ ಸಿಕ್ಕಿದ ಮೇಲೆ

ಒಂದು ವಸ್ತುವಿಗೆ ಪ್ಲಸ್ ಬಂದ ಮಾತ್ರಕ್ಕೆ ಈಗಿನ ತುರಿಕೆಗೆ ಅದೇ ಕಾರಣವೆಂದು ಹೇಳಲಾಗುವುದಿಲ್ಲ. ಎಂದೋ ಹಾಕಿದ ನಕಲಿ ಓಲೆಯಿಂದ ನಿಕ್ಕಲಿನ ಅಲರ್ಜಿ ಬಂದಿರಬಹುದು, ಈಗಿನ ಕೈತುರಿಕೆ ಕೈಗವಸಿನಿಂದ ಇರಬಹುದು. ಪರೀಕ್ಷೆಯ ಉತ್ತರವನ್ನೂ ನಮ್ಮ ದಿನಚರಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಪ್ಲಸ್ ಬರಲಿಲ್ಲವೆಂದರೆ ಅಲರ್ಜಿ ಇಲ್ಲವೇ ಇಲ್ಲ ಎಂದೂ ಅಲ್ಲ. ಇಟ್ಟ ವಸ್ತುಗಳಿಗೆ ಇಲ್ಲ ಎಂದಷ್ಟೇ ಅರ್ಥ.

ಅಲರ್ಜಿಯನ್ನು ಬೇರು ಸಹಿತ ಕಿತ್ತುಹಾಕುವ ಮದ್ದು ಇಲ್ಲ. ಇರುವ ಮದ್ದು ಒಂದೇ, ಆ ವಸ್ತುವನ್ನು ದೂರವಿಡುವುದು. ಹೆಸರು ತಿಳಿದರೆ ಇದು ಕಷ್ಟವಲ್ಲ. ರಬ್ಬರು ಒಗ್ಗದವರು ಪಿವಿಸಿ ಗಂಬೂಟು, ಪಿವಿಸಿ ಕೈಗವಸು ಬಳಸಬಹುದು. ರಾಳ ಒಗ್ಗದವರು ಬೇರೆ ಅಂಟು ಸೇರಿಸಬಹುದು, ರಾಳವಿಲ್ಲದ ಅಂಟುಪಟ್ಟಿ ಕೇಳಿ ಕೊಳ್ಳಬಹುದು. ಪಾರ್ಥೇನಿಯಂ ಒಗ್ಗದವರು ಕಳೆ ಕೀಳುವ ಕೆಲಸವನ್ನು ಬೇರೆಯವರಿಗೆ ಬಿಟ್ಟು, ಅದು ಹೂ ಬಿಡುವ ಮೊದಲೇ ಕೀಳಿಸಬೇಕು. ಗೇರಿನ ಬಳಗ ಒಗ್ಗದವರ ಮನೆಯಲ್ಲಿ ಚೇರೆ ಕಟ್ಟಿಗೆಯನ್ನು ಒಲೆಗೆ ಹಾಕಬಾರದು. ಈ ಜಾತಿಯ ಎಣ್ಣೆ ತೆಳು ರಬ್ಬರ್ ಕೈಗವಸನ್ನು ದಾಟಿ ಬರಬಲ್ಲದು, ದಪ್ಪ ಪಿವಿಸಿ ಕೈಗವಸೇ ಬೇಕು. ಸೊನೆ ತಾಗಿದ ಕೂಡಲೇ ಸೋಪು ಹಾಕಿ ಧಾರಾಳ ನೀರಿನಲ್ಲಿ ತೊಳೆಯಬೇಕು. ಬಟ್ಟೆ, ಕತ್ತಿಯ ಹಿಡಿಯನ್ನೂ ತೊಳೆಯಬೇಕು. ಸೀಮೆಎಣ್ಣೆಯಲ್ಲಿ ಒರೆಸುವ ಪದ್ಧತಿಯನ್ನು ಬಿಡಬೇಕು, ಅದು ಚರ್ಮದ ಜಿಡ್ಡನ್ನು ತೆಗೆದು ಇನ್ನಷ್ಟು ಕೆಡಿಸುತ್ತದೆ.

ಮುಖ, ಕಣ್ಣು ವಿಪರೀತ ಊದಿದರೆ, ಉಸಿರಾಟಕ್ಕೆ ಕಷ್ಟವಾದರೆ ಪರೀಕ್ಷೆಯ ವಿಚಾರ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬೋರ್ಡೋ ದ್ರಾವಣದ ವಿಷಯದಲ್ಲಿ ಅಲರ್ಜಿ ಇಲ್ಲದವರಿಗೂ ಒಂದು ಮಾತು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ನಮಗೆಲ್ಲ ಬಾಯಿಪಾಠ. ಚೂರಿಯ ಅಲಗನ್ನು ಅದ್ದಿ ನೋಡಿ, ಕೆಂಪು ತಾಮ್ರ ಹಿಡಿಯದಂತೆ ಹದ ಮಾಡಿದ ದ್ರಾವಣ ಗೊನೆಗೂ ಒಳ್ಳೆಯದು, ಮೈಗೂ ಒಳ್ಳೆಯದು. ಆದರೂ ಮದ್ದಿನಲ್ಲಿ ತೊಯ್ದ ಅಂಗಿಯಲ್ಲೇ ಸಂಜೆಯವರೆಗೆ ಇರಬಾರದು. ಮಧ್ಯಾಹ್ನ ಊಟಕ್ಕೆ ಇಳಿದಾಗ ಕೈ, ಮುಖ ತೊಳೆದು ಅಂಗಿ ಬದಲಾಯಿಸಬೇಕು.

ಕೆಲಸ ಮಾಡಿಸುವವರಿಗೆ ವಿನಂತಿ

ಸದಸ್ಯರಲ್ಲಿ ನಾವು ಒಂದು ಮಾತನ್ನು ವಿಶೇಷವಾಗಿ ಅರಿಕೆ ಮಾಡಿಕೊಳ್ಳುತ್ತೇವೆ. ನಮ್ಮ ತೋಟದಲ್ಲಿ ಚೇರೆ ಸೊಪ್ಪಿನ ಹೊರೆ ಹೊರುವವರು, ಮದ್ದು ಕಲಸುವವರು, ನೆರಳಿನ ಮರ ಏರುವವರು ಹೆಚ್ಚಾಗಿ ದಿನಗೂಲಿಯವರು. ಪ್ಯಾಚ್ ಟೆಸ್ಟಿಗೆ ಒಂದು ವಾರದಲ್ಲಿ ಮೂರು ಸಲ ಆಸ್ಪತ್ರೆಗೆ ಹೋಗಬೇಕು. ಮೂರು ದಿನದ ಮಜೂರಿ ಹೋಗುತ್ತದೆಂದು ಅವರು ಹೋಗುವುದೇ ಇಲ್ಲ. ಕೈ ಪೂರ್ತಿ ಕೆಟ್ಟು ಕತ್ತಿ ಹಿಡಿಯಲಾರದ ದಿನ ಬಂದಾಗ ಕೆಲಸವನ್ನೇ ಬಿಡುತ್ತಾರೆ. ಮರ ಏರಬಲ್ಲ ಒಬ್ಬ ಕಸುಬುದಾರನನ್ನು ಕಳೆದುಕೊಂಡರೆ ನಮಗಾಗುವ ನಷ್ಟದ ಮುಂದೆ ಮೂರು ದಿನದ ಮಜೂರಿ ದೊಡ್ಡದಲ್ಲ. ಅವನ ಮನೆಗೆ ಆಗುವ ನಷ್ಟವಂತೂ ನಮ್ಮದಕ್ಕಿಂತ ಬಹಳ ದೊಡ್ಡದು. ಆದುದರಿಂದ ಆ ಮೂರು ದಿನದ ಮಜೂರಿಯನ್ನು ಕಡಿಯದೆ ಕೊಡಬೇಕು. ಪಟ್ಟಿ ಬೆನ್ನಿನಲ್ಲಿರುವಾಗ ನೆರಳಿನಲ್ಲಿ ಕುಳಿತು ಅಡಿಕೆ ಆರಿಸುವಂಥ ಬೆವರದ ಕೆಲಸ ಕೊಡಬೇಕು. ಪರೀಕ್ಷೆಯ ಉತ್ತರ ಬಂದ ಮೇಲೆ ‘ಇವನಿಗೆ ರೋಗ’ ಎಂದು ದೂರ ಮಾಡಬಾರದು. ಚರ್ಮದ ಅಲರ್ಜಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಹೆಂಗಸರ ವಿಷಯವನ್ನೂ ಮರೆಯಬಾರದು. ಅಡಿಕೆ ಹೆಕ್ಕುವುದು, ಸುಲಿಯುವುದು, ಗೇರುಬೀಜ ಹೆಕ್ಕುವುದು, ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ಎಲ್ಲವೂ ಒಂದೇ ಜೋಡಿ ಕೈಯಿಂದ ನಡೆಯುತ್ತದೆ. ಅವರ ಕೈ ಒಡೆದರೆ ‘ಸೋಪಿನಿಂದ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಸೋಪೇ ಇರಬಹುದು, ಇಲ್ಲದಿರಲೂಬಹುದು. ಅವರೂ ಪರೀಕ್ಷೆ ಮಾಡಿಸಿಕೊಳ್ಳಲಿ.

ಮೂರು ವಾರ ಮುಲಾಮು ಹಚ್ಚಿಯೂ ಮಾಯದ, ಅಥವಾ ಮಾಯ್ದು ಮಾಯ್ದು ಮತ್ತೆ ಬರುವ ತುರಿಕೆ ಇರುವ ಸದಸ್ಯರು, ಅವರ ಮನೆಯವರು, ಕೆಲಸಗಾರರು ಇನ್ನು ತಡಮಾಡದೆ ಚರ್ಮದ ವೈದ್ಯರನ್ನು ಕಾಣಬೇಕು, ಪ್ಯಾಚ್ ಟೆಸ್ಟಿನ ವಿಚಾರ ಕೇಳಬೇಕು. ಸಂಘದಿಂದ ಮೈಲುತುತ್ತು, ರಾಳ, ಶಿಲೀಂಧ್ರನಾಶಕ ಒಯ್ಯುವವರು ಅದರ ಚೀಟಿಯನ್ನು ಹರಿದು ಬಿಸಾಡದೆ ಒಂದು ಕಡೆ ತೆಗೆದಿಡಬೇಕು. ವೈದ್ಯರು ಮೊದಲು ಕೇಳುವುದು ಅದನ್ನೇ.